ಪರಿಚಿತರ ಹೆಸರಿನಲ್ಲಿ ಬರುವ ವೈರಸ್

2000ನೇ ಇಸವಿಯ ಮೇ 4, ಗುರುವಾರ. ಅಂದು ಏಷ್ಯಾದ ಹಲವು ನಗರಗಳಲ್ಲಿ ಕಚೇರಿಗೆ ಬಂದು ಕಂಪ್ಯೂಟರ್ ತೆರೆದವರಿಗೆ ಒಂದು ಇ-ಮೇಲ್ ಕಾದು ಕುಳಿತಿತ್ತು. ವಿಷಯದ ಸಾಲಿನಲ್ಲಿದ್ದದ್ದು ‘ಐ ಲವ್ ಯು’ ಎಂಬ ಮೂರೇ ಪದ, ಅದೂ ನಡುವೆ ಜಾಗ ಬಿಡದೆ ಒಟ್ಟಾಗಿ. ಒಳಗೆ, ನಾನು ಕಳುಹಿಸಿರುವ ಪ್ರೇಮಪತ್ರವನ್ನು ದಯವಿಟ್ಟು ನೋಡಿ ಎಂಬ ಅರ್ಥದ ಒಂದು ಸಾಲು. ಅದರ ಜೊತೆಗೆ ಲಗತ್ತಿಸಿದ ಒಂದು ಫೈಲು. ಕಳುಹಿಸಿದವರು ಯಾರೋ ದಾರಿಹೋಕರಲ್ಲ. ಪಕ್ಕದ ಮೇಜಿನವರು, ಲೆಕ್ಕಪತ್ರ ವಿಭಾಗದವರು, ಕೆಲವರಿಗಂತೂ ತಮ್ಮ ಮೇಲಧಿಕಾರಿಯೇ! ನೋಡೋಣ ಎಂದು ಕುತೂಹಲಕ್ಕೆ ಫೈಲನ್ನು ತೆರೆದವರಿಗೆ ಪ್ರೇಮಪತ್ರವೇನೂ ಕಾಣಿಸಲಿಲ್ಲ. ಆದರೆ ಅಷ್ಟರಲ್ಲಿ ಅವರ ಹೆಸರಿನಲ್ಲಿಯೂ ಅದೇ ಪ್ರೇಮಪತ್ರ ಅವರ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ಹೊರಟುಹೋಗಿತ್ತು.

ಭೂಮಿ ತಿರುಗುವುದನ್ನು ಮಕ್ಕಳಿಗೆ ಗ್ಲೋಬು ಮತ್ತು ಟಾರ್ಚು ಹಿಡಿದು ತೋರಿಸುತ್ತೇವಲ್ಲ, ಹಾಗೆಯೇ ನಡೆಯಿತು ಅದರ ಮುಂದಿನ ಪಯಣ. ಬೆಳಕು ಪಶ್ಚಿಮಕ್ಕೆ ಸರಿದಂತೆ ಕಚೇರಿಗಳು ತೆರೆದವು; ಕಚೇರಿಗಳು ತೆರೆದಂತೆ ಪ್ರೇಮಪತ್ರಗಳೂ ತೆರೆದವು. ಏಷ್ಯಾದ ನಂತರ ಯೂರೋಪು, ಆಮೇಲೆ ಅಮೆರಿಕ. ಬ್ರಿಟನ್ನಿನ ಸಂಸತ್ತು ತನ್ನ ಇ-ಮೇಲ್ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿಗಳಿಗೂ ಅದು ನುಗ್ಗಿತು. ಜರ್ಮನಿಯ ಹ್ಯಾಂಬರ್ಗಿನ ಪತ್ರಿಕೆಯೊಂದರ ಸಂಗ್ರಹದಲ್ಲಿದ್ದ ಸುಮಾರು ಎರಡು ಸಾವಿರ ಛಾಯಾಚಿತ್ರಗಳು ಸಿಬ್ಬಂದಿಯ ಕಣ್ಣೆದುರೇ ಅಳಿಸಿಹೋದವು.

ಈ ಹಳೆಯ ಕಥೆ ಈಗೇಕೆ ಎಂದು ಓದುಗರು ಕೇಳಬಹುದು. ಇಪ್ಪತ್ತೈದು ವರ್ಷಗಳಲ್ಲಿ ಕಂಪ್ಯೂಟರುಗಳು ಪೂರ್ತಿ ಬದಲಾಗಿವೆ, ನಿಜ. ಆದರೆ ಇ-ಮೇಲಿನ ಮೂಲಕ ವೈರಸ್ ಮನೆಯೊಳಗೆ ಬರುವ ಬಾಗಿಲು ಮಾತ್ರ ಇಂದಿಗೂ ಅದೇ. ಆ ಬಾಗಿಲು ಯಾವುದು ಎಂದು ತಿಳಿಯಲು ಈ ಪ್ರೇಮಪತ್ರಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ.

ಮೊದಲು ಆ ಫೈಲಿನ ಹೆಸರನ್ನು ನೋಡೋಣ. ‘ಲವ್-ಲೆಟರ್-ಫಾರ್-ಯು’ ಎಂದು ಶುರುವಾಗಿ, ಒಂದು ಚುಕ್ಕಿ, ಅದರ ನಂತರ ‘ಟಿಎಕ್ಸ್‌ಟಿ’, ಮತ್ತೆ ಒಂದು ಚುಕ್ಕಿ, ಕೊನೆಯಲ್ಲಿ ‘ವಿಬಿಎಸ್’. ಕಂಪ್ಯೂಟರಿನಲ್ಲಿ ಪ್ರತಿ ಫೈಲಿಗೂ ಕೊನೆಯ ಚುಕ್ಕಿಯ ನಂತರ ಬರುವ ಅಕ್ಷರಗಳೇ ಮನೆತನದ ಹೆಸರು ಇದ್ದಂತೆ. ಟಿಎಕ್ಸ್‌ಟಿ ಎಂದರೆ ಬರೀ ಅಕ್ಷರಗಳ ಫೈಲು, ಓದುವುದಕ್ಕೆ ಮಾತ್ರ. ಅದರಿಂದ ಯಾವ ಕೇಡೂ ಆಗದು. ವಿಬಿಎಸ್ ಎಂದರೆ ವಿಷುಯಲ್ ಬೇಸಿಕ್ ಸ್ಕ್ರಿಪ್ಟ್. ಅದು ಓದುವ ಫೈಲಲ್ಲ, ಆಜ್ಞೆಗಳ ಪಟ್ಟಿ. ಅದರ ಮೇಲೆ ಎರಡು ಸಲ ಒತ್ತಿದರೆ ವಿಂಡೋಸ್ ಆ ಆಜ್ಞೆಗಳನ್ನು ಒಂದೊಂದಾಗಿ ಪಾಲಿಸುತ್ತದೆ. ಸೇವಕನಿಗೆ ಚೀಟಿ ಕೊಟ್ಟ ಹಾಗೆ.

ಹಾಗಿದ್ದರೆ ಕೊನೆಯ ಹೆಸರನ್ನು ನೋಡಿ ಜನ ಎಚ್ಚೆತ್ತುಕೊಳ್ಳಬಹುದಿತ್ತಲ್ಲವೇ? ತೊಡಕು ಇದ್ದದ್ದೇ ಅಲ್ಲಿ. ಪರಿಚಿತ ಬಗೆಯ ಫೈಲಾದರೆ ವಿಂಡೋಸ್ ಈ ಕೊನೆಯ ಹೆಸರನ್ನು ತೋರಿಸುವುದಿಲ್ಲ, ಮರೆಮಾಡುತ್ತದೆ. ಪರದೆ ಚೊಕ್ಕಟವಾಗಿ ಕಾಣಲಿ ಎಂಬ ಉದ್ದೇಶವಂತೆ. ಹೀಗಾಗಿ ಹಲವರಿಗೆ ಕಂಡದ್ದು ‘ಟಿಎಕ್ಸ್‌ಟಿ’ ಎಂಬುದಷ್ಟೇ. ನಿರಪಾಯದ ಹೆಸರು ಮುಂದೆ, ಅಪಾಯದ ಹೆಸರು ಪರದೆಯ ಹಿಂದೆ. ಇದಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ ಈ ಮರೆಮಾಡುವ ಚಾಳಿಯನ್ನು ವಿಂಡೋಸ್ ಇನ್ನೂ ಬಿಟ್ಟಿಲ್ಲ. ನಾವಾಗಿ ಹೋಗಿ ಬದಲಾಯಿಸದಿದ್ದರೆ ವಿಂಡೋಸ್ 11ರಲ್ಲಿಯೂ ಹಾಗೆಯೇ ಇರುತ್ತದೆ.

ಆ ಆಜ್ಞೆಗಳ ಪಟ್ಟಿ ಮಾಡಿದ ಕೆಲಸಗಳು ಹಲವು. ಔಟ್‌ಲುಕ್ ಎಂಬ ಅಂಚೆ ತಂತ್ರಾಂಶದ ವಿಳಾಸಪುಸ್ತಕವನ್ನು ತೆರೆದು ಎಲ್ಲರಿಗೂ ತನ್ನ ಪ್ರತಿಯನ್ನು ಕಳುಹಿಸಿತು. ಡಿಸ್ಕಿನಲ್ಲಿದ್ದ ಜೆಪೆಗ್ ಚಿತ್ರಗಳನ್ನು ಅಳಿಸಿ ಅವುಗಳ ಜಾಗದಲ್ಲಿ ತನ್ನನ್ನೇ ಬರೆದುಕೊಂಡಿತು. ಎಂಪಿ3 ಹಾಡುಗಳನ್ನು ಮಾತ್ರ ಅಳಿಸದೆ ಅಡಗಿಸಿಟ್ಟಿತು. ಇಷ್ಟಾದರೂ ಕರುಣೆ ಇತ್ತೆನ್ನಬೇಕು. ಜೊತೆಗೆ ಪಾಸ್‌ವರ್ಡುಗಳನ್ನು ಕದಿಯುವ ಇನ್ನೊಂದು ಪ್ರೋಗ್ರಾಮನ್ನು ಅಂತರಜಾಲದಿಂದ ಇಳಿಸಿಕೊಳ್ಳಲು ಯತ್ನಿಸಿತು.

ಪಾಠ ಮಾಡುವವರಿಗೆ ಇಲ್ಲೊಂದು ಸಂತೋಷವಿದೆ. ‘ವೈರಸ್’ ಎಂಬ ಹೆಸರನ್ನು ಕಂಪ್ಯೂಟರಿನವರು ಜೀವಶಾಸ್ತ್ರದಿಂದ ಎರವಲು ತಂದಿದ್ದಾರೆ, ಆ ಎರವಲು ಬಹಳ ಸರಿಯಾಗಿದೆ. ಜೀವಕೋಶದ ಹೊರಗಿರುವ ವೈರಸ್ ಉಸಿರಾಡುವುದಿಲ್ಲ, ಉಣ್ಣುವುದಿಲ್ಲ, ಬೆಳೆಯುವುದಿಲ್ಲ. ಸಕ್ಕರೆಯ ಹರಳಿನ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಕೋಶದೊಳಗೆ ಹೊಕ್ಕ ಮೇಲೆ ಆ ಕೋಶದ ಯಂತ್ರೋಪಕರಣಗಳನ್ನೇ ಬಳಸಿ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಇ-ಮೇಲಿನ ವೈರಸ್ಸೂ ಅಷ್ಟೆ. ಲಗತ್ತಿನಲ್ಲಿ ತೆರೆಯದೆ ಬಿದ್ದಿರುವಾಗ ಅದು ಕೆಲವು ಸಾವಿರ ಅಕ್ಷರಗಳ ಸಾಲು, ಅಷ್ಟೇ. ಅದಕ್ಕೆ ಜೀವ ಬರುವುದು ನಮ್ಮ ಬೆರಳು ಒತ್ತಿದಾಗ. (ಪಂಡಿತರು ಪ್ರೇಮಪತ್ರದಂಥದ್ದನ್ನು ವೈರಸ್ ಎನ್ನದೆ ‘ವರ್ಮ್’, ಅಂದರೆ ಹುಳು ಎನ್ನುತ್ತಾರೆ. ಬೇರೆ ಪ್ರೋಗ್ರಾಮಿಗೆ ಅಂಟಿಕೊಳ್ಳದೆ ತಾನಾಗಿಯೇ ಜಾಲದಲ್ಲಿ ಹರಿದಾಡುವುದರಿಂದ ಆ ಹೆಸರು. ನಮ್ಮ ಇಂದಿನ ಕೆಲಸಕ್ಕೆ ಈ ಭೇದ ಅಷ್ಟು ಮುಖ್ಯವಲ್ಲ.)

ವೇಗದ ಮಾತು ಬೇರೆ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ಎಂಬ ವೈರಸ್ ಪ್ರಪಂಚ ಸುತ್ತಿದ್ದು ಫ್ಲಾಪಿ ಡಿಸ್ಕಿನ ಮೇಲೆ ಕುಳಿತು. ಫ್ಲಾಪಿಯನ್ನು ಯಾರಾದರೂ ಜೇಬಿನಲ್ಲಿಟ್ಟುಕೊಂಡು ಹೋಗಿ ಇನ್ನೊಂದು ಯಂತ್ರಕ್ಕೆ ತೂರಿಸಬೇಕು. ಊರಿಂದ ಊರಿಗೆ ಹೋಗಲು ದಿನಗಟ್ಟಲೆ, ದೇಶದಿಂದ ದೇಶಕ್ಕೆ ತಿಂಗಳುಗಟ್ಟಲೆ ಬೇಕಿತ್ತು. ಇ-ಮೇಲ್ ಬಂದ ಮೇಲೆ ಲೆಕ್ಕವೇ ಬದಲಾಯಿತು. ಒಬ್ಬರಿಂದ ಐವತ್ತು ಜನಕ್ಕೆ, ಆ ಐವತ್ತರಲ್ಲಿ ಹತ್ತು ಜನ ತೆರೆದರೂ ಐದು ನೂರು, ಅದರಲ್ಲಿ ನೂರು ಜನ ತೆರೆದರೆ ಐದು ಸಾವಿರ. ಗಣಿತದ ಗುಣೋತ್ತರ ಶ್ರೇಢಿ!

ಐವತ್ತು ಎಂಬ ಸಂಖ್ಯೆಯನ್ನು ಸುಮ್ಮನೆ ಹೇಳಲಿಲ್ಲ. ಪ್ರೇಮಪತ್ರಕ್ಕೆ ಒಂದು ವರ್ಷ ಮೊದಲು, 1999ರ ಮಾರ್ಚ್ 26ರಂದು, ‘ಮೆಲಿಸ್ಸಾ’ ಎಂಬ ವೈರಸ್ ಹೊರಬಿದ್ದಿತ್ತು. ಅದು ಅಡಗಿದ್ದದ್ದು ವರ್ಡ್ ದಾಖಲೆಯೊಳಗಿನ ಮ್ಯಾಕ್ರೊದಲ್ಲಿ. ಮ್ಯಾಕ್ರೊ ಎಂದರೆ ದಾಖಲೆಯ ಒಳಗೇ ಅಡಕವಾಗಿರುವ ಪುಟ್ಟ ಆಜ್ಞಾಪಟ್ಟಿ. ಪದೇ ಪದೇ ಮಾಡುವ ಕೆಲಸವನ್ನು ಸುಲಭಗೊಳಿಸಲೆಂದು ಇರುವ ಸೌಲಭ್ಯ. ಮೆಲಿಸ್ಸಾ ವಿಳಾಸಪುಸ್ತಕದ ಮೊದಲ ಐವತ್ತು ವಿಳಾಸಗಳಿಗೆ ತನ್ನನ್ನು ರವಾನಿಸಿಕೊಳ್ಳುತ್ತಿತ್ತು. ವಿಷಯದ ಸಾಲಿನಲ್ಲಿ ‘ಇಂಥವರಿಂದ ಮುಖ್ಯ ಸಂದೇಶ’ ಎಂದು ಸೋಂಕು ತಗುಲಿದವರ ಹೆಸರನ್ನೇ ಹಾಕುತ್ತಿತ್ತು. ಅದನ್ನು ಬರೆದ ಅಮೆರಿಕದ ಡೇವಿಡ್ ಸ್ಮಿತ್ ಸಿಕ್ಕಿಬಿದ್ದು, 2002ರಲ್ಲಿ ಇಪ್ಪತ್ತು ತಿಂಗಳ ಸೆರೆವಾಸದ ಶಿಕ್ಷೆಗೆ ಗುರಿಯಾದ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ದಿನಗಳಲ್ಲಿ ಎಲ್ಲರಿಗೂ ಕೊಡುತ್ತಿದ್ದ ಬುದ್ಧಿಮಾತು ಒಂದೇ: ಅಪರಿಚಿತರಿಂದ ಬಂದ ಲಗತ್ತನ್ನು ತೆರೆಯಬೇಡಿ. ಕೇಳುವುದಕ್ಕೆ ಚೆನ್ನಾಗಿದೆ. ಈಗಲೂ ಹಲವರು ಅದನ್ನೇ ಹೇಳುತ್ತಾರೆ. ಆದರೆ ಮೆಲಿಸ್ಸಾ ಮತ್ತು ಪ್ರೇಮಪತ್ರ ಎರಡೂ ಅಪರಿಚಿತರಿಂದ ಬರಲೇ ಇಲ್ಲ! ಅವುಗಳ ಶಕ್ತಿಯೆಲ್ಲ ಇದ್ದದ್ದು ಪರಿಚಿತರ ಹೆಸರಿನಲ್ಲಿ. ನಾವು ನಂಬುವವರ ವಿಳಾಸಪುಸ್ತಕದಿಂದಲೇ ಅವು ನಮ್ಮ ವಿಳಾಸವನ್ನು ಕಲಿತವು. ಆದ್ದರಿಂದ ಆ ಬುದ್ಧಿಮಾತು ಅರ್ಧ ಸತ್ಯ, ಒಮ್ಮೊಮ್ಮೆ ಅಪಾಯಕಾರಿಯೂ ಹೌದು. ಪರಿಚಿತರ ಹೆಸರು ಕಂಡೊಡನೆ ಮನಸ್ಸು ಸಡಿಲವಾಗುತ್ತದೆ.

ಹೆಸರೇ ಸುಳ್ಳಾಗಿರಲೂಬಹುದು. ಅಂಚೆಯ ಇನ್‌ಲ್ಯಾಂಡ್ ಪತ್ರದ ಹಿಂಬದಿಯಲ್ಲಿ ‘ಇಂದ’ ಎಂದು ನಾವು ಯಾರ ಹೆಸರನ್ನು ಬೇಕಾದರೂ ಬರೆಯಬಹುದು. ಅಂಚೆಯವರು ಅದನ್ನು ಪರೀಕ್ಷಿಸುವುದಿಲ್ಲ. 1982ರಲ್ಲಿ ರೂಪುಗೊಂಡ ಇ-ಮೇಲಿನ ರವಾನೆಯ ನಿಯಮಾವಳಿಯೂ ಹೀಗೆಯೇ ಇತ್ತು. ಒಬ್ಬರನ್ನೊಬ್ಬರು ಬಲ್ಲ ಸಂಶೋಧಕರ ನಡುವೆ ಹುಟ್ಟಿದ ವ್ಯವಸ್ಥೆಯದು, ಮೋಸದ ಯೋಚನೆ ಅವರಿಗೆ ಬರಲಿಲ್ಲ. 2001ರ ಕೊನೆಯಲ್ಲಿ ಕಾಣಿಸಿಕೊಂಡ ‘ಕ್ಲೆಜ್’ ಎಂಬ ಹುಳು ಇದರ ಪೂರ್ಣ ಲಾಭ ಪಡೆಯಿತು. ಸೋಂಕು ತಗುಲಿದ ಯಂತ್ರದಲ್ಲಿ ಸಿಕ್ಕ ವಿಳಾಸಗಳಲ್ಲಿ ಒಂದನ್ನು ಆರಿಸಿ ‘ಇಂದ’ ಎಂಬಲ್ಲಿ ಹಾಕುತ್ತಿತ್ತು. ಪರಿಣಾಮವೇನು? ರೋಗ ಒಬ್ಬರಿಗೆ, ಬೈಗುಳ ಇನ್ನೊಬ್ಬರಿಗೆ. ನಿಮ್ಮ ಕಂಪ್ಯೂಟರಿನಿಂದ ವೈರಸ್ ಬಂದಿದೆ ಎಂಬ ದೂರು, ಏನೂ ಅರಿಯದವರ ತಲೆಗೆ ಬೀಳುತ್ತಿತ್ತು. ಈಗ ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ ಎಂಬ ಪರಿಶೀಲನೆಗಳು ಬಂದು ಇಂಥ ಸುಳ್ಳು ವಿಳಾಸವನ್ನು ಬಹುಮಟ್ಟಿಗೆ ತಡೆಯುತ್ತವೆ. ಆದರೆ ನಿಮ್ಮ ಮಿತ್ರನ ಖಾತೆಗೇ ಕನ್ನ ಬಿದ್ದಿದ್ದರೆ? ಆಗ ವಿಳಾಸ ಅಸಲಿ, ಪತ್ರ ಮಾತ್ರ ನಕಲಿ. ಪರಿಶೀಲನೆಗೆ ಏನೂ ಸಿಗುವುದಿಲ್ಲ.

ಈ ಉಪಾಯವನ್ನು ಪರಾಕಾಷ್ಠೆಗೆ ಒಯ್ದದ್ದು ‘ಎಮೋಟೆಟ್’. 2014ರಲ್ಲಿ ಬ್ಯಾಂಕ್ ಖಾತೆಗಳ ಕಳ್ಳನಾಗಿ ಕಾಣಿಸಿಕೊಂಡ ಇದು ಮುಂದೆ ಬೇರೆ ಬೇರೆ ವೈರಸ್ಸುಗಳನ್ನು ಹೊತ್ತು ತಂದು ಇಳಿಸುವ ಗಾಡಿಯಂತಾಯಿತು. ಅದು ಕದಿಯುತ್ತಿದ್ದದ್ದು ಬರೀ ವಿಳಾಸಗಳನ್ನಲ್ಲ, ಹಳೆಯ ಪತ್ರ ವ್ಯವಹಾರವನ್ನೇ. ನೀವು ನಿಜವಾಗಿಯೂ ಬರೆದಿದ್ದ ಪತ್ರ, ಅದರ ಕೆಳಗೆ ಅದಕ್ಕೆ ಉತ್ತರವೆಂಬಂತೆ ಎರಡು ಸಾಲು, ಜೊತೆಗೊಂದು ವರ್ಡ್ ದಾಖಲೆ. ಶಾಲೆಯ ಗುಮಾಸ್ತರು ಬಿಇಒ ಕಚೇರಿಗೆ ವೇತನ ಬಿಲ್ಲಿನ ಬಗ್ಗೆ ಬರೆದಿದ್ದರು ಎಂದುಕೊಳ್ಳಿ. ಅದೇ ಪತ್ರಕ್ಕೆ ‘ತಿದ್ದಿದ ಬಿಲ್ಲನ್ನು ಲಗತ್ತಿಸಿದೆ’ ಎಂದು ಉತ್ತರ ಬಂದರೆ ತೆರೆಯದೆ ಇರುವವರು ಎಷ್ಟು ಮಂದಿ? 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಒಟ್ಟಾಗಿ ಎಮೋಟೆಟ್‌ನ ಸರ್ವರುಗಳನ್ನು ವಶಪಡಿಸಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಅದು ಮತ್ತೆ ತಲೆಯೆತ್ತಿತು.

ಓದುಗರಲ್ಲಿ ಅನೇಕರಿಗೆ ಇರುವ ಒಂದು ಸಂದೇಹವನ್ನು ಇಲ್ಲಿಯೇ ಪರಿಹರಿಸಿಬಿಡೋಣ. ಪತ್ರವನ್ನು ಓದಿದ ಮಾತ್ರಕ್ಕೇ ವೈರಸ್ ಬರುತ್ತದೆಯೇ? ಇದಕ್ಕೊಂದು ಸ್ವಾರಸ್ಯದ ಇತಿಹಾಸವಿದೆ. 1994ರಲ್ಲಿ, ‘ಗುಡ್ ಟೈಮ್ಸ್’ ಎಂಬ ಹೆಸರಿನ ಇ-ಮೇಲನ್ನು ಓದಿದರೆ ಸಾಕು, ನಿಮ್ಮ ಡಿಸ್ಕೆಲ್ಲ ನಾಶವಾಗುತ್ತದೆ, ಈ ವಿಷಯವನ್ನು ಎಲ್ಲ ಸ್ನೇಹಿತರಿಗೂ ತಿಳಿಸಿ ಎಂಬ ಎಚ್ಚರಿಕೆ ಹರಿದಾಡಿತು. ಅಂಥ ವೈರಸ್ ಇರಲೇ ಇಲ್ಲ. ಎಚ್ಚರಿಕೆಯೇ ಬಾಯಿಂದ ಬಾಯಿಗೆ ಹಬ್ಬುವ ಸೋಂಕಾಯಿತು. ತಿಳಿದವರು ನಕ್ಕು, ಪತ್ರ ಓದಿದರೆ ವೈರಸ್ ಬರಲು ಸಾಧ್ಯವೇ ಇಲ್ಲ ಎಂದರು. ಐದೇ ವರ್ಷಕ್ಕೆ, 1999ರ ನವೆಂಬರಿನಲ್ಲಿ ‘ಬಬಲ್‌ಬಾಯ್’ ಎಂಬ ಹುಳು ಬಂದು ನಕ್ಕವರ ಬಾಯಿ ಮುಚ್ಚಿಸಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ತಂತ್ರಾಂಶದಲ್ಲಿದ್ದ ದೋಷವೊಂದನ್ನು ಬಳಸಿ, ಲಗತ್ತಿಲ್ಲದೆ, ಪತ್ರ ತೆರೆದೊಡನೆ ಅದು ಚಾಲೂ ಆಗುತ್ತಿತ್ತು. ಗಮನಿಸಿ: ಆ ದೋಷವನ್ನು ಸರಿಪಡಿಸುವ ತೇಪೆ ಆ ವೇಳೆಗಾಗಲೇ ಸಿದ್ಧವಾಗಿತ್ತು, ಹಾಕಿಕೊಂಡಿರದವರು ಹಲವರು. ಹಾಗಾಗಿ ಉತ್ತರ ಇಷ್ಟು. ಸಾಮಾನ್ಯವಾಗಿ ಓದಿದ ಮಾತ್ರಕ್ಕೆ ಬರುವುದಿಲ್ಲ. ಆದರೆ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸದೆ ಹಳೆಯದನ್ನೇ ಇಟ್ಟುಕೊಂಡವರಿಗೆ ಆ ಭರವಸೆಯಿಲ್ಲ. ‘ಅಪ್‌ಡೇಟ್’ ಎಂದು ಯಂತ್ರ ಕೇಳಿದಾಗಲೆಲ್ಲ ‘ಆಮೇಲೆ’ ಎಂದು ಒತ್ತುವ ಚಟ ನಮ್ಮಲ್ಲಿ ಬಹಳ ಜನಕ್ಕೆ ಉಂಟು.

ಇನ್ನು ಇಂದಿನ ವೇಷಗಳ ಮಾತು. ವಿಬಿಎಸ್, ಇಎಕ್ಸ್‌ಇ ಮುಂತಾದ ಆಜ್ಞಾ ಫೈಲುಗಳನ್ನು ಜಿಮೇಲಿನಂಥ ಸೇವೆಗಳು ಈಗ ಲಗತ್ತಿಸಲೇ ಬಿಡುವುದಿಲ್ಲ. ಅಂತರಜಾಲದಿಂದ ಬಂದ ದಾಖಲೆಗಳ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿ ತಡೆಯತೊಡಗಿತು. ಮೆಲಿಸ್ಸಾ ಬಂದು ಇಪ್ಪತ್ಮೂರು ವರ್ಷಗಳಾದ ಮೇಲೆ! ಕಳ್ಳರು ಸುಮ್ಮನೆ ಕುಳಿತಾರೆಯೇ? ಫೈಲನ್ನು ಜಿಪ್ ಗಂಟಿನಲ್ಲಿ ಕಟ್ಟಿ, ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಅದೇ ಪತ್ರದಲ್ಲಿ ಬರೆದು ಕಳುಹಿಸುತ್ತಾರೆ. ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಅದರ ಮೇಲೆಯೇ ಅಂಟಿಸಿದಂತೆ. ಇದೆಂಥ ಭದ್ರತೆ ಎಂದು ನಗು ಬರುತ್ತದೆ. ಆದರೆ ಆ ಬೀಗ ನಮಗಾಗಿ ಅಲ್ಲ, ದಾರಿಯಲ್ಲಿ ತಪಾಸಣೆ ಮಾಡುವ ವೈರಸ್ ನಿರೋಧಕ ತಂತ್ರಾಂಶಕ್ಕಾಗಿ. ಬೀಗ ಹಾಕಿದ ಪೆಟ್ಟಿಗೆಯೊಳಗೆ ಅದು ಇಣುಕಲಾರದು. ಆದ್ದರಿಂದ ಪಾಸ್‌ವರ್ಡ್ ಜೊತೆಗೇ ಬಂದ ಜಿಪ್ ಫೈಲನ್ನು ಕಂಡರೆ ಮುಟ್ಟದಿರುವುದೇ ಲೇಸು.

ಇ-ಮೇಲನ್ನು ಬಿಟ್ಟು ವಾಟ್ಸ್ಯಾಪಿಗೆ ಬಂದವರು ಪಾರಾದೆವು ಎಂದುಕೊಳ್ಳಬೇಕಾಗಿಲ್ಲ. 2024ರಲ್ಲಿ ನಮ್ಮ ದೇಶದಲ್ಲಿ ಮದುವೆಯ ಕರೆಯೋಲೆಯ ಹೆಸರಿನಲ್ಲಿ ಫೈಲುಗಳು ಬರತೊಡಗಿ ಪೊಲೀಸರು ಎಚ್ಚರಿಕೆ ಕೊಡಬೇಕಾಯಿತು. ಆ ಫೈಲಿನ ಕೊನೆಯ ಹೆಸರು ‘ಎಪಿಕೆ’. ಅಂದರೆ ಆಂಡ್ರಾಯ್ಡ್ ಫೋನಿನಲ್ಲಿ ಸ್ಥಾಪಿಸಿಕೊಳ್ಳುವ ಪ್ರೋಗ್ರಾಮು. ಕರೆಯೋಲೆಯೆಂದರೆ ಒಂದು ಚಿತ್ರ ಇರಬೇಕು, ಇಲ್ಲವೇ ಪಿಡಿಎಫ್ ಇರಬೇಕು. ಕರೆಯೋಲೆಯನ್ನು ಯಾರಾದರೂ ‘ಇನ್‌ಸ್ಟಾಲ್’ ಮಾಡುತ್ತಾರೆಯೇ? ಪ್ರೇಮಪತ್ರ ಹೋಗಿ ಲಗ್ನಪತ್ರಿಕೆ ಬಂತು, ಅಷ್ಟೇ ವ್ಯತ್ಯಾಸ.

ಹಾಗಾದರೆ ಮಾಡಬೇಕಾದದ್ದೇನು? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಔಷಧ, ಬೇರೆ ದಾರಿಯಿಂದ ಕೇಳುವುದು. ನಿರೀಕ್ಷಿಸದ ಲಗತ್ತು ಪರಿಚಿತರ ಹೆಸರಿನಲ್ಲಿ ಬಂದರೆ ಅವರಿಗೆ ಫೋನು ಮಾಡಿ, ‘ಇದನ್ನು ನೀವೇ ಕಳುಹಿಸಿದ್ದೀರಾ?’ ಎಂದು ಒಂದು ಮಾತು ಕೇಳಿ. ಅದೇ ಇ-ಮೇಲಿಗೆ ಉತ್ತರ ಬರೆದು ಕೇಳಬೇಡಿ, ಖಾತೆ ಕಳ್ಳನ ಕೈಯಲ್ಲಿದ್ದರೆ ‘ಹೌದು’ ಎಂದು ಅವನೇ ಉತ್ತರಿಸಿಯಾನು. ಪತ್ರದಲ್ಲಿಯೇ ಕೊಟ್ಟಿರುವ ಫೋನ್ ನಂಬರಿಗೂ ಮಾಡಬೇಡಿ, ನಿಮ್ಮ ಬಳಿ ಮೊದಲೇ ಇರುವ ನಂಬರಿಗೆ ಮಾಡಿ. ಹಿರಿಯರಿಗೆ, ಅಧಿಕಾರಿಗಳಿಗೆ ಫೋನು ಮಾಡಿ ಹೀಗೆ ಕೇಳಲು ನಮ್ಮಲ್ಲಿ ಸಂಕೋಚವಿದೆ. ಪತ್ರ ಮೇಲಿನವರ ಹೆಸರಿನಲ್ಲಿದ್ದಷ್ಟೂ ಬೇಗ ತೆರೆಯುತ್ತೇವೆ. ಕಳ್ಳರಿಗೆ ಇದು ಚೆನ್ನಾಗಿ ಗೊತ್ತು.

ಎರಡನೆಯದು, ಕೊನೆಯ ಹೆಸರನ್ನು ಕಾಣುವಂತೆ ಮಾಡಿಕೊಳ್ಳುವುದು. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು, ‘ವ್ಯೂ’, ಅದರೊಳಗೆ ‘ಶೋ’, ಅದರೊಳಗೆ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದನ್ನು ಒತ್ತಿದರಾಯಿತು. ಅರ್ಧ ನಿಮಿಷದ ಕೆಲಸ. ಆಮೇಲೆ ಹೆಸರಿನಲ್ಲಿ ಎರಡೆರಡು ಚುಕ್ಕಿ ಇದ್ದು, ಮೊದಲು ‘ಪಿಡಿಎಫ್’ ಎಂದೂ ಕೊನೆಗೆ ‘ಇಎಕ್ಸ್‌ಇ’, ‘ಜೆಎಸ್’ ಅಥವಾ ‘ಎಸ್‌ಸಿಆರ್’ ಎಂದೂ ಕಂಡರೆ ಸಂಶಯವೇ ಬೇಡ, ಅಳಿಸಿಹಾಕಿ. ವರ್ಡ್ ಅಥವಾ ಎಕ್ಸೆಲ್ ದಾಖಲೆ ತೆರೆದಾಗ ಮೇಲೆ ಹಳದಿ ಪಟ್ಟಿ ಬಂದು, ದಾಖಲೆಯೊಳಗಿಂದಲೇ ‘ಎನೇಬಲ್ ಕಂಟೆಂಟ್’ ಒತ್ತಿರಿ ಎಂಬ ಉಪದೇಶವೂ ಬಂದರೆ ಅದು ಕಳ್ಳನ ಉಪದೇಶವೆಂದೇ ತಿಳಿಯಿರಿ.

ವೈರಸ್ ನಿರೋಧಕ ತಂತ್ರಾಂಶ ಇರಲಿ. ವಿಂಡೋಸಿನ ಜೊತೆಗೆ ಬರುವ ಡಿಫೆಂಡರ್ ಸಾಮಾನ್ಯ ಬಳಕೆಗೆ ಸಾಕು. ಆದರೆ ಅದು ಬಲ್ಲದ್ದು ಬಹುಪಾಲು ಈಗಾಗಲೇ ಸಿಕ್ಕಿಬಿದ್ದವುಗಳ ಗುರುತನ್ನು. ಪ್ರೇಮಪತ್ರ ಹರಡಿದ ದಿನ ಆ ಗುರುತು ಯಾರ ಬಳಿಯೂ ಇರಲಿಲ್ಲ.

ಅಂದಹಾಗೆ, ಅದನ್ನು ಬರೆದವರು ಯಾರು? ಫಿಲಿಪ್ಪೀನ್ಸ್‌ನ ಮನಿಲಾ ನಗರದ ವಿದ್ಯಾರ್ಥಿ ಒನೆಲ್ ಡಿ ಗುಜ್ಮನ್ ಮೇಲೆ ಸಂಶಯ ಬಂತು. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮನ್ನೇ ಆತ ತನ್ನ ಕಾಲೇಜಿನ ಪ್ರಬಂಧಕ್ಕೆ ವಿಷಯವಾಗಿ ಸೂಚಿಸಿದ್ದ. ಕಾಲೇಜು ಅದನ್ನು ತಿರಸ್ಕರಿಸಿತ್ತು. ಆದರೆ ವೈರಸ್ ಬರೆದು ಹರಡುವುದು ಅಪರಾಧವೆಂದು ಹೇಳುವ ಕಾನೂನು ಆಗ ಆ ದೇಶದಲ್ಲಿ ಇರಲಿಲ್ಲ. ಜೂನ್ 2000ದಲ್ಲಿ ಕಾನೂನು ಬಂತು. ಹಿಂದಿನ ಕೃತ್ಯಕ್ಕೆ ಅದು ಅನ್ವಯಿಸಲಿಲ್ಲ. ಆಗಸ್ಟಿನಲ್ಲಿ ಮೊಕದ್ದಮೆ ಬಿದ್ದುಹೋಯಿತು. 2020ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಆತ ತಾನೇ ಬರೆದದ್ದೆಂದು ಒಪ್ಪಿಕೊಂಡ. ಅಂತರಜಾಲಕ್ಕೆ ಹಣ ಕಟ್ಟಲಾಗದೆ, ಬೇರೆಯವರ ಪಾಸ್‌ವರ್ಡ್ ಸಿಕ್ಕರೆ ಬಿಟ್ಟಿಯಾಗಿ ಬಳಸಬಹುದೆಂಬುದೇ ಉದ್ದೇಶವಾಗಿತ್ತಂತೆ. ಆಗ ಆತ ಮನಿಲಾದಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡಿದ್ದ. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಅದೇ ವರ್ಷದ್ದು, 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ಅದರ 43 ಮತ್ತು 66ನೇ ಕಲಮುಗಳ ಪ್ರಕಾರ ಬೇಕೆಂದೇ ವೈರಸ್ ಬಿಡುವುದಕ್ಕೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಹುಡುಗಾಟಕ್ಕೆ ಇಂಥದ್ದನ್ನು ಬರೆದು ನೋಡೋಣ ಎನ್ನುವ ಜಾಣ ಹುಡುಗರು ಪ್ರತಿ ತರಗತಿಯಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರಿಗೆ ಈ ಕಲಮುಗಳನ್ನು ಓದಿಸುವುದು ಒಳ್ಳೆಯದು.

ಕೊನೆಯದಾಗಿ, ಇಷ್ಟೆಲ್ಲ ಎಚ್ಚರವಿದ್ದೂ ಒಂದು ದಿನ ಬೆರಳು ಒತ್ತಿಬಿಟ್ಟರೆ? ಮೊದಲು ಯಂತ್ರವನ್ನು ಜಾಲದಿಂದ ಬಿಡಿಸಿ: ಕೇಬಲ್ ಇದ್ದರೆ ಕೀಳಿ, ವೈಫೈ ಇದ್ದರೆ ಆರಿಸಿ. ಪಾಸ್‌ವರ್ಡುಗಳನ್ನು ಬದಲಾಯಿಸಿ, ಆದರೆ ಬೇರೆ ಯಂತ್ರದಿಂದ; ಸೋಂಕಿತ ಯಂತ್ರದಲ್ಲಿ ಬದಲಾಯಿಸಿದರೆ ಹೊಸದನ್ನೂ ಕೈಗೆ ಕೊಟ್ಟಂತೆ. ವಿಳಾಸಪುಸ್ತಕದಲ್ಲಿ ಇರುವವರಿಗೆ ಫೋನಿನಲ್ಲಿ ತಿಳಿಸಿ, ನಾಚಿಕೆಪಟ್ಟುಕೊಂಡು ಸುಮ್ಮನಿದ್ದಷ್ಟೂ ಅವರ ಯಂತ್ರಗಳಿಗೆ ಕೇಡು. ಬ್ಯಾಂಕಿನಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಯಂತ್ರವನ್ನು ಶುಚಿಗೊಳಿಸುವ ಉಪಕರಣಗಳು ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ; ಅವನ್ನೂ ಬೇರೆ ಯಂತ್ರದಿಂದಲೇ ಇಳಿಸಿಕೊಳ್ಳಿ. ಮತ್ತೆ, ಫೋಟೋ ಮತ್ತು ದಾಖಲೆಗಳ ಪ್ರತಿ ಇಟ್ಟಿರುವ ಬೇರೆ ಡಿಸ್ಕು ನಿಮ್ಮ ಬಳಿ ಇದ್ದರೆ, ಎಲ್ಲ ಕ್ಷೇಮವಾಗಿದೆಯೇ ನೋಡೋಣ ಎಂದು ಗಾಬರಿಯಲ್ಲಿ ಅದನ್ನು ತಂದು ಆ ಯಂತ್ರಕ್ಕೆ ಜೋಡಿಸಬೇಡಿ. ಯಂತ್ರ ಪೂರ್ತಿ ಶುಚಿಯಾಗುವ ತನಕ ಅದು ಬೀರುವಿನಲ್ಲಿಯೇ ಇರಲಿ.